ರೋಗ ಪತ್ತೆಯ ಸೂಕ್ಷ್ಮದರ್ಶಕ ಮತ್ತು ನಮ್ಮ ಕನ್ನಡ ಮಾಧ್ಯಮದ ಮಕ್ಕಳು

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ಮರುವಾರದಿಂದಲೇ ನಮ್ಮಂತಹ ಶಿಕ್ಷಕರ ಮನೆಯ ಜಗಲಿಗೆ ಪಾಲಕರ ಬರವು ಆರಂಭವಾಗುತ್ತದೆ. ಹಿಂದೂಪುರದ ಆಸುಪಾಸಿನಿಂದ, ಮಡಕಶಿರಾ, ರೊಳ್ಳ, ಅಮರಾಪುರಗಳ ಕಡೆಯಿಂದ, ಇತ್ತ ಕಲ್ಯಾಣದುರ್ಗ, ಕುಂದುರ್ಪಿಗಳ ಕಡೆಯಿಂದಲೂ ಬರುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಈಚಿನ ವರ್ಷಗಳಲ್ಲಿ ಆ ಪ್ರಶ್ನೆಗೆ ಒಂದು ಹೊಸ ರೂಪ ಬಂದಿದೆ. ಒಬ್ಬ ತಾಯಿ ಕೇಳಿದ ಮಾತನ್ನು ಹಾಗೆಯೇ ಇಲ್ಲಿ ಇಡುತ್ತೇನೆ: “ಸಾರ್, ಹುಡುಗಿಗೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಹಾಕೋಣ ಅಂತಾರೆ. ಕನ್ನಡದಾಗೆ ಓದಿರೋಳು, ದುರ್ಬೀನಿನಾಗೆ ನೋಡಿ ರೋಗ ಹೇಳೋದು ಅವಳಿಗೆ ಆಗ್ತದಾ?”

ದುರ್ಬೀನು ದೂರದ್ದನ್ನು ತೋರಿಸುವ ಸಾಧನವೆಂದೂ, ಆಕೆ ಹೇಳಬೇಕಾದದ್ದು ಸೂಕ್ಷ್ಮದರ್ಶಕವೆಂದೂ ತಿದ್ದುವುದು ನನ್ನ ವೃತ್ತಿಯ ಚಪಲ. ಅಂದು ತಿದ್ದಲಿಲ್ಲ. ಪ್ರಶ್ನೆ ಸರಿಯಾಗಿಯೇ ಇತ್ತು, ಉತ್ತರವೂ ಒಂದೇ ಮಾತಿನಲ್ಲಿ ಹೇಳುವಂಥದ್ದಾಗಿರಲಿಲ್ಲ. ಜೀವಕೋಶಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ ರೋಗ ಗುರುತಿಸುವ ವಿದ್ಯೆಯನ್ನು ನಮ್ಮ ಗಡಿಭಾಗದ ಮಕ್ಕಳು ಕಲಿಯಬಲ್ಲರೇ, ಕಲಿಯುವ ದಾರಿಯಲ್ಲಿ ಯಾವ ಯಾವ ಗೋಡೆಗಳಿವೆ, ಅವುಗಳಲ್ಲಿ ನಾವೇ ಕಟ್ಟಿದವು ಎಷ್ಟು, ಸರಕಾರಗಳು ಕಟ್ಟಿದವು ಎಷ್ಟು ಎಂಬುದನ್ನು ವಿಚಾರಿಸಲು ಈ ಬರಹ.

ಮೊದಲಿಗೆ ಒಂದು ಮಾತು. ಈ ವಿದ್ಯೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಮನೆಗಳಲ್ಲಿ ಗಂಟುರೋಗದ ಹೆಸರು ಕೇಳದವರಿಲ್ಲ. ಹುಳು ಮೇಯುವುದನ್ನು ಬಿಟ್ಟು ಸಣ್ಣದಾಗಿ, ಮೈಮೇಲೆ ಮೆಣಸು ಉದುರಿಸಿದಂತೆ ಕಪ್ಪು ಚುಕ್ಕೆ ಕಾಣಿಸಿಕೊಂಡಾಗ ಹಿರಿಯರು ಆ ಬೆಳೆ ಕೈಬಿಟ್ಟಿತೆಂದೇ ತಿಳಿಯುತ್ತಾರೆ. ಪುಸ್ತಕಗಳು ಪೆಬ್ರಿನ್ ಎಂದು ಕರೆಯುವ ರೋಗವಿದು. ನೊಸೀಮಾ ಎಂಬ ಸೂಕ್ಷ್ಮಜೀವಿ ಹುಳುವಿನ ಜೀವಕೋಶಗಳ ಒಳಹೊಕ್ಕು ಬೆಳೆಯುವುದರಿಂದ ಬರುತ್ತದೆ. ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಇಳಿಯುತ್ತದೆ. ಆದಕಾರಣ ಔಷಧಿಗಿಂತ ಮುಂಚಿತವಾದ ಪತ್ತೆಯೇ ಇದಕ್ಕೆ ಮದ್ದು. ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲಿಟ್ಟು, ಸುಮಾರು 600 ಪಟ್ಟು ದೊಡ್ಡದಾಗಿಸಿ ನೋಡುತ್ತಾರೆ. ಅಂಡಾಕಾರದ, ಹೊಳೆಯುವ ಬೀಜಕಣಗಳು ಕಂಡರೆ ಆ ಚಿಟ್ಟೆಯ ಮೊಟ್ಟೆಗಳೆಲ್ಲ ಬೆಂಕಿಗೆ. ಕಾಣದಿದ್ದರೆ ಮಾತ್ರ ‘ರೋಗರಹಿತ ಮೊಟ್ಟೆ’ ಎಂಬ ಹೆಸರಿನಲ್ಲಿ ಅದು ಚಾಕಿ ಕೇಂದ್ರಕ್ಕೂ ಅಲ್ಲಿಂದ ರೈತನ ಮನೆಗೂ ಬರುತ್ತದೆ. ಹಿಂದೂಪುರದ ಪಕ್ಕದ ಕಿರಿಕೆರೆಯಲ್ಲಿ ಆಂಧ್ರಪ್ರದೇಶ ರಾಜ್ಯ ರೇಷ್ಮೆ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಯೇ ಇದೆ. ನಮ್ಮ ಎಷ್ಟೋ ಮಕ್ಕಳ ಶಾಲೆಯ ಶುಲ್ಕ, ಅಕ್ಕನ ಮದುವೆ, ಅಣ್ಣನ ಬೈಕು ಎಲ್ಲವೂ ಯಾರೋ ಒಬ್ಬರು ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟು ಸರಿಯಾಗಿ ನೋಡಿದ್ದರ ಫಲ.

ಈ ವಿಧಾನವನ್ನು ರೂಪಿಸಿದವನು ಲೂಯಿ ಪಾಸ್ತರ್. 1865ರಲ್ಲಿ ಫ್ರಾನ್ಸಿನ ದಕ್ಷಿಣದ ಆಲೆಸ್ ಪಟ್ಟಣಕ್ಕೆ ಹೋದಾಗ ಆತನಿಗೆ ರೇಷ್ಮೆಹುಳುವಿನ ಪರಿಚಯವೇ ಇರಲಿಲ್ಲ. ಐದು ವರ್ಷ ದುಡಿದು 1870ರಲ್ಲಿ ತನ್ನ ಗ್ರಂಥ ಪ್ರಕಟಿಸಿದ. ರೈತರಿಂದಲೂ ವ್ಯಾಪಾರಿಗಳಿಂದಲೂ ಬಂದ ಆಕ್ಷೇಪಣೆಯೆಂದರೆ, ಸೂಕ್ಷ್ಮದರ್ಶಕ ಪಂಡಿತರ ಸಾಧನ, ಹಳ್ಳಿಯವರ ಕೈಗೆ ಅದು ಒಗ್ಗುವುದಿಲ್ಲ ಎಂಬುದು. ಅದಕ್ಕೆ ಪಾಸ್ತರ್ ಕೊಟ್ಟ ಉತ್ತರ ಶಿಕ್ಷಕನಾದ ನನಗೆ ಬಹಳ ಪ್ರಿಯವಾದದ್ದು: ತನ್ನ ಪ್ರಯೋಗಾಲಯದಲ್ಲಿ ಎಂಟು ವರ್ಷದ ಒಬ್ಬ ಹುಡುಗಿ ಯಾವ ತೊಂದರೆಯೂ ಇಲ್ಲದೆ ಇದನ್ನು ಬಳಸಲು ಕಲಿತಿದ್ದಾಳೆ ಎಂದು ಆತ ತಿಳಿಸಿದ. ಆ ತಾಯಿಯ ಪ್ರಶ್ನೆಗೆ ಅರ್ಧ ಉತ್ತರ ನೂರೈವತ್ತು ವರ್ಷಗಳ ಹಿಂದೆಯೇ ಸಿಕ್ಕಿದೆ.

ಉಳಿದರ್ಧ ಅಷ್ಟು ಸುಲಭದ್ದಲ್ಲ. ಒಂದು ಬೀಜಕಣ ಇದೆಯೋ ಇಲ್ಲವೋ ಎಂದು ನೋಡುವುದು ಬೇರೆ, ಮನುಷ್ಯನ ರೋಗ ಹೇಳುವುದು ಬೇರೆ. ಎರಡನೆಯದರಲ್ಲೂ ಹಲವು ಮೆಟ್ಟಿಲುಗಳಿವೆ. ಕ್ಷಯದ ಕಫ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ಲೋಕಕ್ಕೆ ತಿಳಿಸಿದ. ಅಂದಿನಿಂದ ಸ್ವಲ್ಪ ಸುಧಾರಣೆಗಳೊಂದಿಗೆ ನಡೆದುಬಂದ ಪದ್ಧತಿಯಲ್ಲಿ ಕಫವನ್ನು ಸ್ಲೈಡಿನ ಮೇಲೆ ತೆಳುವಾಗಿ ಹರಡಿ ಒಣಗಿಸಿ, ಕೆಂಪು ಬಣ್ಣ ಹಾಕಿ ಬಿಸಿಮಾಡಿ, ಗಂಧಕಾಮ್ಲದಿಂದ ತೊಳೆದು, ಮೇಲೆ ನೀಲಿ ಬಣ್ಣ ಹಾಕುತ್ತಾರೆ. ಉಳಿದುದೆಲ್ಲ ನೀಲಿಯಾದರೂ ಕ್ಷಯದ ರೋಗಾಣು ಮೇಣದಂಥ ಕವಚ ಉಳ್ಳದ್ದಾದ್ದರಿಂದ ಕೆಂಪನ್ನು ಬಿಟ್ಟುಕೊಡುವುದಿಲ್ಲ. ಎಣ್ಣೆಹನಿ ಹಾಕಿ ಸಾವಿರ ಪಟ್ಟು ದೊಡ್ಡದಾಗಿಸಿ ನೋಡಿದರೆ ನೀಲಿಯ ನಡುವೆ ಕೆಂಪು ಕಡ್ಡಿಗಳು ಕಾಣುತ್ತವೆ. ‘ಇಲ್ಲ’ ಎನ್ನಬೇಕಾದರೆ ಕನಿಷ್ಠ ನೂರು ನೋಟಕ್ಷೇತ್ರಗಳನ್ನು ದಾಟಿರಬೇಕು. ‘ಇದೆ’ ಎಂದರೆ ಎಷ್ಟಿದೆಯೆಂದು ಎಣಿಸಿ ದರ್ಜೆ ಬರೆಯಬೇಕು. ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರದಷ್ಟು ರೋಗಾಣುಗಳಿಲ್ಲದಿದ್ದರೆ ಈ ಪರೀಕ್ಷೆಯಲ್ಲಿ ಕಾಣುವುದೇ ಕಷ್ಟ. ಅಷ್ಟು ವಿರಳವಾದದ್ದನ್ನು ಹುಡುಕುವವನು ಅರವತ್ತನೆಯ ಕ್ಷೇತ್ರಕ್ಕೆ ಬೇಸತ್ತು ‘ಇಲ್ಲ’ ಎಂದು ಬರೆದರೆ ಒಬ್ಬ ರೋಗಿ ಮನೆಗೆ ಹೋಗಿ ಮಕ್ಕಳ ಜೊತೆ ಮಲಗುತ್ತಾನೆ.

ಇಲ್ಲಿಯೇ ನಮ್ಮ ಭಾಷೆಯ ವಿಷಯವೂ ಬರುತ್ತದೆ, ಅದನ್ನು ಭಾವುಕತೆಯ ವಿಷಯವೆಂದು ಯಾರೂ ತಳ್ಳಿಹಾಕಬಾರದು. ಪರೀಕ್ಷೆಗೆ ಬೇಕಾದದ್ದು ಎದೆಯಾಳದಿಂದ ಕೆಮ್ಮಿ ತೆಗೆದ ಕಫ; ಬಾಯಿಯ ಉಗುಳಲ್ಲ. ಹಲವು ವರ್ಷಗಳ ಹಿಂದೆ ನನ್ನ ಸಂಬಂಧಿಕರೊಬ್ಬರ ಜೊತೆ ಒಂದು ಆಸ್ಪತ್ರೆಗೆ ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ಗಡಿಹಳ್ಳಿಯ ಅಜ್ಜಿಯೊಬ್ಬರಿಗೆ ಡಬ್ಬಿ ಕೊಟ್ಟು ‘ತೆಮಡ’ ತರಬೇಕೆಂದು ತೆಲುಗಿನಲ್ಲಿ ಹೇಳಿದರು. ಅಜ್ಜಿಗೆ ಸಂತೆಯ ತೆಲುಗು ಬರುತ್ತಿತ್ತು, ಆ ಪದ ಬರುತ್ತಿರಲಿಲ್ಲ. ಡಬ್ಬಿಯಲ್ಲಿ ಉಗುಳಿ ಕೊಟ್ಟರು. ಕೊಟ್ಟದ್ದನ್ನು ತೆಗೆದುಕೊಂಡರು. ಆ ಸ್ಲೈಡನ್ನು ಕಾಕ್ ಮಹಾಶಯನೇ ಬಂದು ನೋಡಿದ್ದರೂ ಏನೂ ಕಾಣುತ್ತಿರಲಿಲ್ಲ. ಅಂದು ಅಲ್ಲಿದ್ದ ಯಾರನ್ನೂ ನಾನು ದೂರುವುದಿಲ್ಲ. ಅವರ ಮುಂದೆ ನಲವತ್ತು ಜನರ ಸಾಲಿತ್ತು. ಆದರೆ ಆ ಕಿಟಕಿಯ ಹಿಂದೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನಮ್ಮ ಊರಿನ ಹುಡುಗಿಯೊಬ್ಬಳು ಕುಳಿತಿದ್ದರೆ “ಅಜ್ಜೀ, ಉಗುಳಲ್ಲ, ಕೆಮ್ಮಿ ಕಫ ತೆಗಿ” ಎಂದು ಹೇಳಲು ಅವಳಿಗೆ ಅರ್ಧ ನಿಮಿಷ ಸಾಕಿತ್ತು.

ಕಫ ಪರೀಕ್ಷೆಯ ಚರಿತ್ರೆಯಲ್ಲಿ ನಮ್ಮ ನೆರೆಯ ತುಮಕೂರು ಜಿಲ್ಲೆಗೆ ಒಂದು ಸ್ಥಾನವಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾದ ಮೇಲೆ ಅದರ ಆರಂಭದ ಸಮೀಕ್ಷೆಗಳು ನಡೆದದ್ದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ಪಾವಗಡವೂ ಮಧುಗಿರಿಯೂ ಶಿರಾವೂ ಅದೇ ಜಿಲ್ಲೆಯವು. ನಾವು ಹೆಣ್ಣು ಕೊಟ್ಟು ತರುವ ಊರುಗಳು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ವಿದ್ವಾಂಸರು ಅಲ್ಲಿನ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಅಂದಿನ ಒಂದು ನಂಬಿಕೆಯನ್ನು ಬುಡಮೇಲು ಮಾಡಿತು. ಹಳ್ಳಿಗರಿಗೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಕ್ಷಕಿರಣ ಯಂತ್ರಗಳ ವಾಹನ ಹೊತ್ತು ನಾವೇ ಮನೆಮನೆಗೆ ಹೋಗಬೇಕು ಎಂಬುದು ಆ ನಂಬಿಕೆ. ಅಧ್ಯಯನದಲ್ಲಿ ಕಂಡದ್ದೇ ಬೇರೆ. ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ಕೆಮ್ಮು, ಜ್ವರಗಳ ಅರಿವಿತ್ತು. ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗಳಿಗೆ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ. ಕಫ ನೋಡುವವರು ಇರಲಿಲ್ಲ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಸಾಮಾನ್ಯ ಆರೋಗ್ಯ ಕೇಂದ್ರದಲ್ಲಿಯೇ ಸೂಕ್ಷ್ಮದರ್ಶಕವಿಟ್ಟು, ತರಬೇತಾದ ಒಬ್ಬ ವ್ಯಕ್ತಿಯನ್ನು ಕೂರಿಸುವ ದಾರಿ ಹಿಡಿದದ್ದಕ್ಕೆ ಈ ಸೀಮೆಯ ಅನುಭವವೇ ಬಹುಮಟ್ಟಿಗೆ ಆಧಾರ. ದೇಶಕ್ಕೆಲ್ಲ ಪಾಠವಾದ ಸಂಗತಿ ನಮ್ಮ ಹೊಲದ ಬದುವಿನಾಚೆ ನಡೆದದ್ದು.

ಈಗ ಜೀವಕೋಶಗಳ ವಿಷಯ. ರೋಗಾಣುವನ್ನು ಹುಡುಕುವುದಕ್ಕಿಂತ ಕಠಿಣವಾದದ್ದು ನಮ್ಮದೇ ಜೀವಕೋಶ ದಾರಿ ತಪ್ಪಿರುವುದನ್ನು ಗುರುತಿಸುವುದು. ರೋಗಾಣು ಹೊರಗಿನದು, ಬಣ್ಣ ಬೇರೆ, ಆಕಾರ ಬೇರೆ. ಅರ್ಬುದದ ಕೋಶವಾದರೋ ಮನೆಯವರ ಮುಖವನ್ನೇ ಹೊತ್ತಿರುತ್ತದೆ. ಗರ್ಭಕೊರಳಿನಿಂದ ಮೆದುವಾಗಿ ಸವರಿ ತೆಗೆದ ಕೋಶಗಳನ್ನು ಬಣ್ಣ ಹಾಕಿ ನೋಡಿದಾಗ ಆರೋಗ್ಯವಂತ ಕೋಶ ಅಗಲವಾದ ಹಾಳೆಯಂತೆ ಹರಡಿಕೊಂಡು, ನಡುವೆ ಸಾಸಿವೆಕಾಳಿನಂಥ ಸಣ್ಣ ಕೋಶಕೇಂದ್ರವನ್ನು ಹೊಂದಿರುತ್ತದೆ. ಕೆಡತೊಡಗಿದ ಕೋಶದಲ್ಲಿ ಕೇಂದ್ರ ಹಿಗ್ಗುತ್ತದೆ, ಕಪ್ಪಾಗುತ್ತದೆ, ಅಂಚು ಸೊಟ್ಟಗಾಗುತ್ತದೆ, ಸುತ್ತಲಿನ ಕೋಶದ್ರವ್ಯ ಕುಗ್ಗುತ್ತದೆ. ಕಾಯಿಲೆ ದೇಹದಲ್ಲಿ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಈ ಬದಲಾವಣೆ ತೋರುತ್ತದೆ. ಗ್ರೀಸ್ ದೇಶದಿಂದ ವಲಸೆ ಹೋಗಿ ನ್ಯೂಯಾರ್ಕಿನಲ್ಲಿ ಕೆಲಸ ಮಾಡಿದ ಜಾರ್ಜ್ ಪಾಪನಿಕೊಲಾವು 1928ರಲ್ಲಿ ಇದನ್ನು ಮೊದಲು ಹೇಳಿದಾಗ ವೈದ್ಯಲೋಕ ಕಿವಿಗೊಡಲಿಲ್ಲ. 1943ರಲ್ಲಿ ಹರ್ಬರ್ಟ್ ಟ್ರಾಟ್ ಜೊತೆಗೂಡಿ ಗ್ರಂಥ ಪ್ರಕಟಿಸಿದ ಮೇಲೆ ‘ಪ್ಯಾಪ್ ಪರೀಕ್ಷೆ’ ಜಗತ್ತಿನಾದ್ಯಂತ ಹಬ್ಬಿತು.

ಆ ಪರೀಕ್ಷೆಯ ಜೊತೆಗೆ ಒಂದು ಹೊಸ ವೃತ್ತಿಯೂ ಹುಟ್ಟಿತು. ಪ್ರತಿ ಸ್ಲೈಡಿನಲ್ಲಿಯೂ ಸಾವಿರಾರು ಕೋಶಗಳು. ಅವನ್ನೆಲ್ಲ ವೈದ್ಯರೇ ನೋಡುತ್ತಾ ಕೂರಲಾಗದು. ಆದ್ದರಿಂದ ಮೊದಲ ನೋಟಕ್ಕೆಂದೇ ತರಬೇತಾದವರು ಬೇಕಾದರು. ಇವರು ಸ್ಲೈಡನ್ನು ಅಂಚಿನಿಂದ ಅಂಚಿಗೆ, ಹೊಲ ಉತ್ತಂತೆ, ಒಂದು ಸಾಲೂ ಬಿಡದೆ ನೋಡಿ, ಅನುಮಾನದ ಕೋಶದ ಬಳಿ ಮಸಿಯ ಚುಕ್ಕೆಯಿಟ್ಟು ರೋಗಶಾಸ್ತ್ರಜ್ಞ ವೈದ್ಯರಿಗೆ ಒಪ್ಪಿಸುತ್ತಾರೆ. ನಮ್ಮಲ್ಲಿ ಇವರನ್ನು ಸೈಟೋಟೆಕ್ನಾಲಜಿಸ್ಟ್ ಎನ್ನುತ್ತಾರೆ. ಭಾರತೀಯ ಕೋಶಶಾಸ್ತ್ರಜ್ಞರ ಅಕಾಡೆಮಿ ಈ ಕೆಲಸಕ್ಕಾಗಿ ಪ್ರತ್ಯೇಕ ಪರೀಕ್ಷೆಗಳನ್ನೇ ನಡೆಸುತ್ತದೆ. ಅಮೆರಿಕದಲ್ಲಿ 1980ರ ದಶಕದಲ್ಲಿ ಕೆಲವು ಖಾಸಗಿ ಪ್ರಯೋಗಾಲಯಗಳು ಸಂಬಳ ಉಳಿಸಲು ಇವರಿಂದ ದಿನಕ್ಕೆ ಮಿತಿಯಿಲ್ಲದಷ್ಟು ಸ್ಲೈಡು ನೋಡಿಸಿ, ಅರ್ಬುದಗಳು ತಪ್ಪಿಹೋಗಿ ಹೆಂಗಸರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಮೇಲೆ, 1988ರಲ್ಲಿ ಕಾನೂನು ತಂದು 24 ಗಂಟೆಯಲ್ಲಿ 100 ಸ್ಲೈಡು ಮೀರಕೂಡದೆಂದು ಕಟ್ಟಿಹಾಕಬೇಕಾಯಿತು. ಕಣ್ಣು ದಣಿಯುತ್ತದೆ ಎಂಬುದನ್ನು ಶಾಸನವೇ ಒಪ್ಪಿಕೊಂಡಿತು.

ಭಾರತದಲ್ಲಿ ಗರ್ಭಕೊರಳಿನ ಅರ್ಬುದದ ಲೆಕ್ಕ ಭಯ ಹುಟ್ಟಿಸುವಂಥದ್ದು. ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ 2020ರಲ್ಲಿ ಹೊಸದಾಗಿ ಸುಮಾರು 1,24,000 ಮಹಿಳೆಯರಿಗೆ ಈ ರೋಗ ಬಂದಿತು, ಸುಮಾರು 77,000 ಮಂದಿ ಸತ್ತರು. ಪ್ಯಾಪ್ ಪರೀಕ್ಷೆ ನೆಲೆಯೂರಿದ ದೇಶಗಳಲ್ಲಿ ಇದು ಅಪರೂಪದ ರೋಗವಾಗುತ್ತಿದೆ. ನಮ್ಮ ಸರಕಾರ 2016ರ ಮಾರ್ಗಸೂಚಿಯಲ್ಲಿ ಪ್ಯಾಪ್ ಪರೀಕ್ಷೆಯ ಬದಲು ಅಸಿಟಿಕ್ ಆಮ್ಲ ಸವರಿ ಬರಿಗಣ್ಣಿನಿಂದ ನೋಡುವ ಸುಲಭ ವಿಧಾನವನ್ನು ಆರಿಸಿಕೊಂಡಿತು. ಕಡಿಮೆ ಖರ್ಚು, ಕೂಡಲೇ ಫಲಿತಾಂಶ, ದಾದಿಯರೇ ಮಾಡಬಹುದು. ಬಡದೇಶಕ್ಕೆ ವಿವೇಕದ ಆಯ್ಕೆಯೇ. ಆದರೆ ಅದರ ಹಿಂದಿರುವ ಇನ್ನೊಂದು ಕಾರಣವನ್ನು ನಾವು ಮರೆಯಬಾರದು: ದೇಶದ ಮೂಲೆಮೂಲೆಯಲ್ಲಿ ಕೋಶ ಓದಬಲ್ಲ ಕಣ್ಣುಗಳನ್ನು ನಾವು ತಯಾರು ಮಾಡಿರಲಿಲ್ಲ. ಜನರಿಲ್ಲದ್ದರಿಂದ ಪರೀಕ್ಷೆ ಬೇಡವೆಂದಾಯಿತು; ಪರೀಕ್ಷೆ ಬೇಡವಾದ್ದರಿಂದ ಜನ ತಯಾರಾಗುವುದೂ ನಿಂತಿತು. ಈ ಸುತ್ತಿನಿಂದ ಹೊರಬರದೆ ಉಳಿದವರು ಹಿಂದೂಪುರದಲ್ಲಿ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಅಂಗಳದಲ್ಲಿ ಚಾಪೆ ಹಾಸುವ ನಮ್ಮ ತಾಯಂದಿರು. ಅಲ್ಲಿಗೆ ತಲುಪುವ ಹೊತ್ತಿಗೆ ಹೆಚ್ಚಿನವರಿಗೆ ತಡವಾಗಿರುತ್ತದೆ. (ಕನ್ನಡದಲ್ಲಿ ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಅಷ್ಟೊಂದು ಬರೆದ ಡಾ. ಅನುಪಮಾ ನಿರಂಜನ ಅವರೂ 1991ರಲ್ಲಿ ಅರ್ಬುದದಿಂದಲೇ ತೀರಿಕೊಂಡರು. ಅವರ ಪುಸ್ತಕಗಳು ನಮ್ಮ ಗಡಿಶಾಲೆಗಳ ಗ್ರಂಥಾಲಯದಲ್ಲಿ ಇವೆಯೇ ಎಂದು ಪಾಲಕರು ಒಮ್ಮೆ ವಿಚಾರಿಸಬೇಕು.)

ಹಾಗಾದರೆ ಯಂತ್ರ ಬಂದಿಲ್ಲವೇ, ಇನ್ನು ಸೂಕ್ಷ್ಮದರ್ಶಕ ಕಲಿತು ಏನು ಪ್ರಯೋಜನ ಎಂದು ಓದಿದ ತಂದೆಯೊಬ್ಬರು ವಾದಿಸಿದರು. ಅವರ ಮಾತಿನಲ್ಲಿ ಹುರುಳಿದೆ. ಕ್ಷಯದ ಪತ್ತೆ ಇಂದು ಟ್ರೂನ್ಯಾಟ್‌ನಂಥ ಅಣುಪರೀಕ್ಷೆಗಳ ಕಡೆ ಸರಿಯುತ್ತಿದೆ. ಆ ಯಂತ್ರದ ಮೂಲ ಸಂಶೋಧನೆ ನಡೆದದ್ದೂ ಬೆಂಗಳೂರಿನಲ್ಲಿಯೇ. ರಕ್ತದ ಸ್ಲೈಡನ್ನು ತಾನೇ ನೋಡಿ ಕೋಶಗಳನ್ನು ವಿಂಗಡಿಸುವ ಕೃತಕ ಬುದ್ಧಿಮತ್ತೆಯ ಸೂಕ್ಷ್ಮದರ್ಶಕವನ್ನು ಬೆಂಗಳೂರಿನದೇ ಸಿಗ್‌ಟಪಲ್ ಎಂಬ ಕಂಪನಿ ರೂಪಿಸಿದೆ. ಗರ್ಭಕೊರಳಿನ ಅರ್ಬುದಕ್ಕೂ ವಿಶ್ವ ಆರೋಗ್ಯ ಸಂಸ್ಥೆ ಈಗ ವೈರಾಣುವಿನ ಡಿಎನ್‌ಎ ಪರೀಕ್ಷೆಯನ್ನು ಮುಂದಿಡುತ್ತಿದೆ. ಆದ್ದರಿಂದ ‘ಕೋಶ ನೋಡುವುದನ್ನು ಕಲಿತರೆ ಜೀವನಪೂರ್ತಿ ಅದೇ ಕೆಲಸ’ ಎಂದು ನಾನು ಯಾವ ಮಗುವಿಗೂ ಹೇಳಲಾರೆ. ಆದರೆ ಯಂತ್ರಕ್ಕೆ ಕೊಡುವ ಸ್ಲೈಡು ದಪ್ಪಗಿದ್ದರೆ, ಬಣ್ಣ ಹೆಚ್ಚಾಗಿದ್ದರೆ, ಮಾದರಿಯೇ ತಪ್ಪಾಗಿದ್ದರೆ ಯಂತ್ರವೂ ತಪ್ಪನ್ನೇ ಹೇಳುತ್ತದೆ. ಅದು ತಪ್ಪೆಂದು ತಿಳಿಯುವುದು ಕೋಶವನ್ನು ಬಲ್ಲವರಿಗೆ ಮಾತ್ರ. ಅಣುಪರೀಕ್ಷೆಯಲ್ಲಿ ಅನುಮಾನ ಬಂದವರ ಕೋಶಗಳನ್ನು ಮತ್ತೆ ನೋಡುವವರು ಬೇಕೇ ಬೇಕು. ಗಂಟಲಿನ ಗಡ್ಡೆಗೆ, ಎದೆಯ ಗಂಟಿಗೆ ಸೂಜಿಹಾಕಿ ತೆಗೆದ ಕೋಶಗಳ ಪರೀಕ್ಷೆಯೂ ಎಲ್ಲಿಗೂ ಹೋಗುವುದಿಲ್ಲ. ಬರಿಯ ಗುಂಡಿ ಒತ್ತಲು ಕಲಿತವರ ಕೆಲಸವೇ ಮೊದಲು ಹೋಗುವುದು.

ಇನ್ನು ದಾರಿಯ ಗೋಡೆಗಳ ವಿಷಯ. ಈ ಭಾಗವನ್ನು ಪಾಲಕರು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. 1956ರಲ್ಲಿ ಸೇರಿದ ಈ ವಿಧಿಯ ನೆರಳು ಪ್ರಾಥಮಿಕದಾಚೆಗೆ ಚಾಚುವುದಿಲ್ಲ. ಹತ್ತನೆಯ ತರಗತಿಯವರೆಗೆ ನಮ್ಮ ಮಕ್ಕಳು ಕನ್ನಡದಲ್ಲಿ ಪರೀಕ್ಷೆ ಬರೆಯುತ್ತಾರೆ. ಅಲ್ಲಿಂದ ಮುಂದೆ ಪ್ರಯೋಗಾಲಯ ತಂತ್ರಜ್ಞಾನದ ಕೋರ್ಸುಗಳು ಇಂಗ್ಲಿಷಿನವು, ತರಗತಿಯ ವಿವರಣೆ ತೆಲುಗಿನದು. ‘ಜೀವಕೋಶ’, ‘ಕೋಶಕೇಂದ್ರ’, ‘ಕೋಶದ್ರವ್ಯ’ ಎಂದು ಕಲಿತ ಮಗು ಒಂದೇ ಬೇಸಿಗೆಯಲ್ಲಿ ‘ಸೆಲ್’, ‘ನ್ಯೂಕ್ಲಿಯಸ್’, ‘ಸೈಟೋಪ್ಲಾಸಂ’ಗಳಿಗೆ ದಾಟಬೇಕು. ನನ್ನ ಅನುಭವದಲ್ಲಿ ಪದಗಳ ಈ ದಾಟು ಅಷ್ಟು ಕಷ್ಟದ್ದಲ್ಲ. ಆರು ತಿಂಗಳ ಮಾತು. ಕಷ್ಟವಾಗುವುದು ಕನ್ನಡದಲ್ಲಿಯೂ ಪದವನ್ನಷ್ಟೇ ಉರುಹೊಡೆದು, ವಸ್ತುವನ್ನು ಕಂಡೇ ಇಲ್ಲದ ಮಕ್ಕಳಿಗೆ. ಈರುಳ್ಳಿ ಸಿಪ್ಪೆಯ ಕೋಶವನ್ನು ಕಣ್ಣಾರೆ ನೋಡಿದ ಹುಡುಗನಿಗೆ ಅದರ ಇಂಗ್ಲಿಷ್ ಹೆಸರು ಇನ್ನೊಂದು ಹೆಸರಷ್ಟೇ. ನೋಡದವನಿಗೆ ಎರಡೂ ಬರಿಯ ಶಬ್ದ. ಈ ಗೋಡೆ ಮಾಧ್ಯಮ ಕಟ್ಟಿದ್ದಲ್ಲ, ಬೀರುವಿಗೆ ಬೀಗ ಹಾಕಿದ ನಾವು ಶಿಕ್ಷಕರು ಕಟ್ಟಿದ್ದು. ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಸೂಕ್ಷ್ಮದರ್ಶಕ ಒಂದಿತ್ತು. ಒಡೆದರೆ ಸಂಬಳದಿಂದ ಕಟ್ಟಬೇಕೆಂಬ ಭಯದಿಂದ ಎರಡು ವರ್ಷ ನಾನೂ ಅದನ್ನು ಹೊರಗೆ ತೆಗೆಯಲಿಲ್ಲ. ತೆಗೆದಾಗ ಕನ್ನಡಿಗೆ ಬೂಷ್ಟು ಹಿಡಿದಿತ್ತು.

ಎರಡನೆಯ ಗೋಡೆ ರಾಜ್ಯಗಳದ್ದು. ವೈದ್ಯರಾಗಬೇಕೆಂಬ ಮಕ್ಕಳು ಬರೆಯುವ ನೀಟ್ ಪರೀಕ್ಷೆ 13 ಭಾಷೆಗಳಲ್ಲಿದೆ, ಕನ್ನಡವೂ ಉಂಟು. ಆದರೆ ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಅನಂತಪುರದ ಕೇಂದ್ರ ಬಯಸಿದರೆ ತೆಲುಗು, ಇಂಗ್ಲಿಷು, ಹಿಂದಿ, ಉರ್ದುಗಳಲ್ಲಿ ಒಂದು. ಪ್ರಯೋಗಾಲಯ ತಂತ್ರಜ್ಞರ ಪದವಿಗೆ ನೀಟ್ ಬೇಕಿಲ್ಲವಾದರೂ ಈ ನಿಯಮ ಗಡಿಯ ಮಗುವಿಗೆ ಹೇಳುವ ಮಾತು ಸ್ಪಷ್ಟವಿದೆ: ಭಾಷೆಗೂ ನಕ್ಷೆಗೂ ಒಂದೇ ಗೆರೆ.

ಆ ಗೆರೆ ದಾಟಿದವರ ಪಾಡು ಇನ್ನೂ ಕ್ಲಿಷ್ಟ. ಕನ್ನಡದ ವಾತಾವರಣ ಸಿಗಲೆಂದು ಹತ್ತನೆಯ ತರಗತಿ ಮುಗಿಸಿದ ಮಕ್ಕಳನ್ನು ಗೌರಿಬಿದನೂರಿಗೋ ಪಾವಗಡಕ್ಕೋ ಪಿಯುಸಿಗೆ ಕಳಿಸುವ ಪಾಲಕರು ಬಹಳ. ಆಂಧ್ರದಲ್ಲಿ 371ಡಿ ವಿಧಿಯ ಕೆಳಗಿನ 1974ರ ರಾಷ್ಟ್ರಪತಿ ಆದೇಶದಂತೆ ಕಾಲೇಜು ಸೀಟುಗಳಲ್ಲಿ ನೂರಕ್ಕೆ 85 ಸ್ಥಳೀಯರಿಗೆ ಮೀಸಲಾಗಿ ಬಂದಿವೆ. ಸ್ಥಳೀಯರೆಂದರೆ ಅರ್ಹತಾ ಪರೀಕ್ಷೆಯೊಂದಿಗೆ ಮುಗಿಯುವಂತೆ ಸತತ ನಾಲ್ಕು ವರ್ಷ ಆ ಪ್ರದೇಶದಲ್ಲಿ ಓದಿದವರು. ಕೊನೆಯ ಎರಡು ವರ್ಷ ಗಡಿಯಾಚೆ ಓದಿದೊಡನೆ ಆ ಸರಪಳಿ ಕಡಿಯುತ್ತದೆ. ಕರ್ನಾಟಕದಲ್ಲಿ ಸಾಮಾನ್ಯ ನಿಯಮದಂತೆ ಏಳು ವರ್ಷ ಅಲ್ಲಿಯೇ ಓದಿರಬೇಕು. ಎರಡು ವರ್ಷ ಸಾಲದು. ಗಡಿನಾಡ ಹಾಗೂ ಹೊರನಾಡ ಕನ್ನಡಿಗರಿಗೆಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತ್ಯೇಕ ಷರತ್ತುಗಳನ್ನು ಇಟ್ಟಿದೆ, ಅವುಗಳಿಗೂ ಓದಿದ ವರ್ಷಗಳ ಲೆಕ್ಕ, ದಾಖಲೆಗಳ ಲೆಕ್ಕ ಉಂಟು. ಆದ್ದರಿಂದ ವರ್ಗಾವಣೆ ಪತ್ರ ತೆಗೆಯುವ ಮುನ್ನವೇ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಎರಡೂ ರಾಜ್ಯಗಳಿಂದ ತರಿಸಿ ಓದಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಳ್ಳೆಯ ಅಂಕ ಪಡೆದೂ ಎರಡೂ ಕಡೆ ‘ಹೊರಗಿನವಳು’ ಎನಿಸಿಕೊಂಡು, ಕೊನೆಗೆ ಖಾಸಗಿ ಕಾಲೇಜೊಂದರಲ್ಲಿ ಹೆಚ್ಚಿನ ಶುಲ್ಕ ತೆತ್ತು ಓದಬೇಕಾಯಿತು. ಆ ಹಣ ಎರಡು ಬೆಳೆಯ ಗೂಡಿನದು.

ಮೂರನೆಯ ಎಚ್ಚರಿಕೆ ಕೋರ್ಸಿನ ಬಗ್ಗೆ. 2021ರ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಪ್ರಯೋಗಾಲಯ ತಂತ್ರಜ್ಞರನ್ನೂ ಕೋಶತಂತ್ರಜ್ಞರನ್ನೂ ಹೆಸರಿಸಿ ವೃತ್ತಿಯ ಮಾನ್ಯತೆ ನೀಡಿದೆ. ಸಹಾಯಕ ಆರೋಗ್ಯ ವೃತ್ತಿಗೆ ಕನಿಷ್ಠ 2,000 ಗಂಟೆ, ಆರೋಗ್ಯ ಸೇವಾ ವೃತ್ತಿಯೆನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ ಶಿಕ್ಷಣ ಬೇಕು. ಆರು ತಿಂಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಮಾಡುತ್ತೇವೆಂದು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಕಾಗದವನ್ನು ನಂಬಿ ಹಣ ಕಟ್ಟುವ ಮೊದಲು ಈ ಅಂಕಿಗಳನ್ನು ನೆನಪಿಡಬೇಕು. ಓದಿ ಮುಗಿಸಿದ ಮೇಲೂ ಸ್ವಂತ ಲ್ಯಾಬ್ ತೆರೆದು ತಾನೇ ವರದಿಗೆ ಸಹಿ ಹಾಕಬಹುದೆಂದು ಯಾರಾದರೂ ಹೇಳಿದರೆ ಅದೂ ಸುಳ್ಳು: ವರದಿಗೆ ಸಹಿ ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯುಳ್ಳ ನೋಂದಾಯಿತ ವೈದ್ಯರದ್ದೇ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಡಿಸೆಂಬರಿನಲ್ಲಿ ಹೇಳಿದೆ.

ಹತ್ತಿರದಲ್ಲಿ ಕಲಿಯುವ ಜಾಗಗಳು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅನಂತಪುರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿದೆ. 1969ರಿಂದ ಈ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿರುವ ಗ್ರಾಮೀಣ ಅಭಿವೃದ್ಧಿ ಟ್ರಸ್ಟಿನ ಆಸ್ಪತ್ರೆಗಳು ಬತ್ತಲಪಲ್ಲಿಯಲ್ಲಿಯೂ ಕಲ್ಯಾಣದುರ್ಗದಲ್ಲಿಯೂ ಇವೆ. 2022ರಲ್ಲಿ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೂ ಕಲ್ಯಾಣದುರ್ಗ ಅನಂತಪುರಕ್ಕೂ ಹಂಚಿಹೋದವು. ಹೊಸ ಜಿಲ್ಲೆಗೆ ಪೆನುಕೊಂಡೆಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಯೋಜನೆಯಾಯಿತು. 2025ರಲ್ಲಿ ಅದನ್ನೂ ಸೇರಿಸಿ ಹತ್ತು ಕಾಲೇಜುಗಳನ್ನು ಖಾಸಗಿ ಸಹಭಾಗಿತ್ವಕ್ಕೆ ಕೊಡುವ ತೀರ್ಮಾನ ಬಂದು, ಅದರ ಪರ ವಿರೋಧದ ಗದ್ದಲ ನಡೆದಿದೆ. ಎಲ್ಲರೂ ಎಂಬಿಬಿಎಸ್ ಸೀಟುಗಳ ಲೆಕ್ಕದಲ್ಲಿಯೇ ಜಗಳವಾಡುತ್ತಿದ್ದಾರೆ. ಅಂಥ ಕಾಲೇಜೊಂದು ನಡೆಯಬೇಕಾದರೆ ಅದರ ಹಿಂದೆ ಬೇಕಾದ ಪ್ರಯೋಗಾಲಯದ ಸಿಬ್ಬಂದಿ ಎಲ್ಲಿ ತಯಾರಾಗುತ್ತಾರೆ, ಆ ಸೀಟುಗಳ ಶುಲ್ಕ ಎಷ್ಟಿರುತ್ತದೆ, ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಆರು ತಿಂಗಳು ಇಂಗ್ಲಿಷ್ ಪದಗಳ ಸೇತು ತರಗತಿ ಇರುತ್ತದೆಯೇ ಎಂದು ಯಾವ ಪಕ್ಷದವರೂ ಕೇಳಿದ್ದನ್ನು ನಾನು ಕಂಡಿಲ್ಲ. ನಮ್ಮ ಸಂಘಗಳು ರಾಜ್ಯೋತ್ಸವದ ವೇದಿಕೆಗೆ ಶಾಸಕರನ್ನು ಕರೆಯುವಾಗ ಹಾರದ ಜೊತೆ ಈ ಮೂರು ಪ್ರಶ್ನೆಗಳಿರುವ ಒಂದು ಮನವಿಯನ್ನೂ ಕೈಗಿಡಬಹುದು. ಗಡಿ ಮಂಡಲಗಳ ಆರೋಗ್ಯ ಕೇಂದ್ರಗಳಲ್ಲಿ ಮಾದರಿ ಪಡೆಯುವ ಸ್ಥಳದಲ್ಲಿ ಕನ್ನಡದಲ್ಲಿಯೂ ಸೂಚನಾ ಫಲಕವಿರಲಿ ಎಂಬುದು ನಾಲ್ಕನೆಯದು. ಇದಕ್ಕೆ ಒಂದು ಡಬ್ಬಿ ಬಣ್ಣ ಸಾಕು.

ಆ ತಾಯಿಗೆ ನಾನು ಕೊಟ್ಟ ಉತ್ತರ ಹೀಗಿತ್ತು. ಆಗುತ್ತದೆ, ಆದರೆ ಬೈಪಿಸಿಗೆ ಆಂಧ್ರದಲ್ಲಿಯೇ ಸೇರಿಸಿ, ಸ್ಥಳೀಯತೆ ಕಳೆಯಬೇಡಿ, ಬೇಸಿಗೆಯಲ್ಲಿ ದಿನಕ್ಕೆ ಹತ್ತು ಇಂಗ್ಲಿಷ್ ಪದಗಳಂತೆ ನಾನೇ ಹೇಳಿಕೊಡುತ್ತೇನೆ. ಹುಡುಗಿಯನ್ನು ಒಳಗೆ ಕರೆದು, ಹಲ್ಲುಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆಯಲು ಹೇಳಿ, ಸ್ಲೈಡಿನ ಮೇಲೆ ಒಂದು ಹನಿ ನೀಲಿ ಬಣ್ಣದೊಂದಿಗೆ ಇಟ್ಟು ತೋರಿಸಿದೆ. ತಿರುಗಣಿಯನ್ನು ಹಿಂದೆಮುಂದೆ ಮಾಡುತ್ತಾ ಬಹಳ ಹೊತ್ತು ನೋಡಿದಳು. ಆಮೇಲೆ ಅಮ್ಮನನ್ನು ಕರೆದು, “ಬಾರಮ್ಮ, ನೀನೂ ನೋಡು, ಇದು ನಾನೇ” ಎಂದಳು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿ ನೋಡಿದರು, ಏನೂ ಕಾಣಲಿಲ್ಲವೆಂದರು. ಹುಡುಗಿ ಸರಿಪಡಿಸಿಕೊಟ್ಟಳು. ಜೂನಿನಲ್ಲಿ ಶಾಲೆಗಳು ತೆರೆಯುತ್ತವೆ. ಮೊದಲ ಪಾಲಕರ ಸಭೆಯಲ್ಲಿ, ಈ ವರ್ಷ ಸೂಕ್ಷ್ಮದರ್ಶಕವನ್ನು ಬೀರುವಿನಿಂದ ಯಾವ ತಿಂಗಳು ಹೊರಗೆ ತೆಗೆಯುತ್ತೀರಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ, ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ.